ಹತೋಟಿ ಬೇಕಿದ್ದರೆ ಮೊದಲು ತೂಕ ನೋಡಿ

ಟೇಬಲ್ ಟೆನಿಸ್ ರಬ್ಬರಿನ ಪೊಟ್ಟಣದ ಮೇಲೆ ವೇಗ, ಸ್ಪಿನ್, ಕಂಟ್ರೋಲ್ ಎಂದು ಮೂರು ಅಂಕಿಗಳಿರುತ್ತವೆ. ಒಂದು ಕಂಪನಿ ಹತ್ತಕ್ಕೆ ಎಷ್ಟೆಂದು ಲೆಕ್ಕ ಕೊಟ್ಟರೆ ಇನ್ನೊಂದು ನೂರಕ್ಕೆ ಎಷ್ಟೆಂದು ಕೊಡುತ್ತದೆ. ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲು ಇಲ್ಲದ್ದರಿಂದ ಒಬ್ಬರ ಎಂಟೂವರೆಯನ್ನು ಮತ್ತೊಬ್ಬರ ಎಂಬತ್ತರ ಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ. ತೂಕ ಹಾಗಲ್ಲ. ಅದನ್ನು ಯಾವ ಊರಿನ ತಕ್ಕಡಿಯಲ್ಲಿಟ್ಟರೂ ಒಂದೇ ಉತ್ತರ ಸಿಗುತ್ತದೆ. ಆದರೆ ಹೆಚ್ಚಿನ ಪೊಟ್ಟಣಗಳ ಮೇಲೆ ಇಲ್ಲದಿರುವುದು ಅದೊಂದೇ. ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಕಾಲೇಜು, ಕಚೇರಿ, ಕಾರ್ಖಾನೆಯ ಪಾಳಿ ಮುಗಿಸಿ ಸಂಜೆ ಒಂದು ಗಂಟೆ ಆಡುವವರು ಹೊಸ ರಬ್ಬರ್ ಕೊಳ್ಳುವಾಗ ಕಂಟ್ರೋಲ್ ಎಂಬ ಅಂಕಿಯನ್ನು ನೋಡಿ ದುಡ್ಡು ಕೊಡುತ್ತಾರೆ, ತೂಕ ಎಷ್ಟೆಂದು ಕೇಳುವುದಿಲ್ಲ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಚೆಂಡು ಹೇಳಿದ ಮಾತು ಕೇಳಬೇಕೆಂದು ಬಯಸುವ ಸಾಮಾನ್ಯ ಆಟಗಾರ ಮೊದಲು ನೋಡಬೇಕಾದದ್ದು ರಬ್ಬರ್ ಎಷ್ಟು ಗ್ರಾಂ ಇದೆ ಎಂಬುದನ್ನು. ಅಂಟು, ಸ್ಪಂಜಿನ ಗಡಸು, ಬ್ರಾಂಡಿನ ಹೆಸರು ಎಲ್ಲ ಆಮೇಲೆ.

ಒಂದು ಬ್ಯಾಟನ್ನು ಬಿಚ್ಚಿ ನೋಡೋಣ. ನಡುವೆ ಮರದ ಬ್ಲೇಡು, ಸಾಮಾನ್ಯವಾಗಿ 80ರಿಂದ 90 ಗ್ರಾಂ. ಅದರ ಎರಡೂ ಮುಖಕ್ಕೆ ಒಂದೊಂದು ರಬ್ಬರ್. ನಾವು ಒಟ್ಟಾಗಿ ರಬ್ಬರ್ ಎಂದು ಕರೆಯುವುದರಲ್ಲಿ ಎರಡು ಪದರಗಳಿವೆ. ಚೆಂಡಿಗೆ ತಾಗುವ ನಯವಾದ ಮೇಲು ಹಾಳೆ ಒಂದು, ಅದರ ಅಡಿಯ ಸ್ಪಂಜು ಇನ್ನೊಂದು. ಅಂಟೂ ಸೇರಿ ಇವೆರಡರ ದಪ್ಪ 4 ಮಿಲಿಮೀಟರ್ ದಾಟಬಾರದೆಂಬುದು ನಿಯಮ. ಬ್ಲೇಡಿನ ಆಕಾರಕ್ಕೆ ಕತ್ತರಿಸಿದ ಮೇಲೆ ಇಂಥ ಒಂದು ರಬ್ಬರ್ 40 ಗ್ರಾಂನಿಂದ 53 ಗ್ರಾಂವರೆಗೆ ಎಷ್ಟಾದರೂ ತೂಗಬಹುದು. ಎರಡೂ ಬದಿಗೆ ಹಗುರದ್ದನ್ನು ಹಾಕಿದರೆ ಬ್ಯಾಟು 170 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ, ಭಾರದ್ದನ್ನು ಹಾಕಿದರೆ 190 ಮುಟ್ಟುತ್ತದೆ. ಬ್ಲೇಡಿನ ತಲೆ ಸುಮಾರು 157 ಮಿ.ಮೀ. ಉದ್ದ, 150 ಮಿ.ಮೀ. ಅಗಲ. ಅದನ್ನು ಮುಚ್ಚುವ ರಬ್ಬರಿನ ವಿಸ್ತಾರ ಹೆಚ್ಚುಕಡಿಮೆ 180 ಚದರ ಸೆಂಟಿಮೀಟರ್. ಸ್ಪಂಜು ಒಂದು ಘನ ಸೆಂಟಿಮೀಟರಿಗೆ ಸುಮಾರು ಅರ್ಧ ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, ದಪ್ಪದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಇಳಿದಾಗಲೆಲ್ಲ ಒಂದು ಗ್ರಾಂಗೆ ತುಸು ಕಡಿಮೆ ಉಳಿಯುತ್ತದೆ. ಅಂದರೆ 2.1 ಮಿ.ಮೀ. ಸ್ಪಂಜಿನ ಬದಲು ಅದೇ ರಬ್ಬರನ್ನು 1.8ರಲ್ಲಿ ಕೊಂಡರೆ ಒಂದು ಬದಿಗೆ ಎರಡೂವರೆ, ಎರಡೂ ಬದಿಗೆ ಐದು ಗ್ರಾಂ ಉಳಿತಾಯ. ಸ್ಪಂಜಿನ ಬಗೆ ಬದಲಾದರೆ ವ್ಯತ್ಯಾಸ ಇನ್ನೂ ದೊಡ್ಡದು. ಮೆತ್ತನೆಯ ಸ್ಪಂಜಿನಲ್ಲಿ ಗಾಳಿಗುಳ್ಳೆ ಹೆಚ್ಚು, ಹಾಗಾಗಿ ಹಗುರ. ಗಡುಸು ಸ್ಪಂಜಿನಲ್ಲಿ ರಬ್ಬರೇ ಹೆಚ್ಚು, ಹಾಗಾಗಿ ಭಾರ.

ಇಪ್ಪತ್ತು ಗ್ರಾಂ ಎಂದರೆ ಏನು ಮಹಾ, ನಾಲ್ಕೈದು ಚಮಚ ಸಕ್ಕರೆಯಷ್ಟೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕೈಯೊಂದೇ ಕೆಲವು ಕಿಲೋ ತೂಗುವಾಗ ಬ್ಯಾಟಿನ ಮೇಲಿನ ಕೆಲವು ಗ್ರಾಂ ಯಾವ ಲೆಕ್ಕ ಎಂಬುದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇರುವುದು ತೂಕ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದರಲ್ಲಿ. ಒಂದು ವಸ್ತುವನ್ನು ತಿರುಗಿಸುವಾಗ ಅದು ಒಡ್ಡುವ ಜಡತೆ ತಿರುಗುವ ಬಿಂದುವಿನಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಣಿಕಟ್ಟಿನಿಂದ ಅಳೆದರೆ ಬ್ಯಾಟಿನ ಹಿಡಿಯ ನಡುಭಾಗ ಸುಮಾರು 7 ಸೆಂ.ಮೀ. ದೂರದಲ್ಲಿದೆ, ತಲೆಯ ನಡುಭಾಗ ಸುಮಾರು 20 ಸೆಂ.ಮೀ. ದೂರದಲ್ಲಿ. ಒಂದೇ ಒಂದು ಗ್ರಾಂ ಹಿಡಿಯಲ್ಲಿದ್ದಾಗ ಒಡ್ಡುವುದಕ್ಕಿಂತ ತಲೆಯಲ್ಲಿದ್ದಾಗ ಏಳೆಂಟು ಪಟ್ಟು ಹೆಚ್ಚು ಜಡತೆ ಒಡ್ಡುತ್ತದೆ. ಸುತ್ತಿಗೆಯನ್ನು ಹಿಡಿಯಲ್ಲಿ ಹಿಡಿದು ಬೀಸುವುದಕ್ಕೂ ತಿರುಗಿಸಿ ತಲೆಯಲ್ಲಿ ಹಿಡಿದು ಬೀಸುವುದಕ್ಕೂ ಇರುವ ವ್ಯತ್ಯಾಸ ಇದೇ. ರಬ್ಬರಿನ ಪ್ರತಿ ಗ್ರಾಮೂ ತಲೆಯ ಮೇಲೆಯೇ ಕೂರುತ್ತದೆ, ಹಿಡಿಗೆ ಒಂದಿಷ್ಟೂ ಹೋಗುವುದಿಲ್ಲ. ಇನ್ನು ಕೈಯ ತೂಕದ ಮಾತು. ಭುಜದಿಂದ ಬೀಸುವ ದೊಡ್ಡ ಹೊಡೆತದಲ್ಲಿ ಹತ್ತು ಗ್ರಾಂ ಗೊತ್ತಾಗುವುದಿಲ್ಲ ಎಂಬುದು ನಿಜ. ಆದರೆ ಮಣಿಕಟ್ಟಿನಿಂದಾಚೆಗೆ ಬರಿಯ ಹಸ್ತ ತೂಗುವುದು ಸುಮಾರು 400 ಗ್ರಾಂ, ಅದೂ ಮಣಿಕಟ್ಟಿಗೆ ತಾಗಿಕೊಂಡೇ ಇರುವ ತೂಕ. ಮಣಿಕಟ್ಟು ತಿರುಗುವಾಗ ಹಸ್ತಕ್ಕಿಂತ ಬ್ಯಾಟೇ ಹೆಚ್ಚು ಜಡತೆ ಒಡ್ಡುತ್ತದೆ. ಅಲ್ಲಿ ಹತ್ತು ಗ್ರಾಂ ರಬ್ಬರ್ ಏರಿದರೆ ಒಟ್ಟು ಹೊರೆ ಶೇಕಡ 5ರ ಆಸುಪಾಸು ಏರುತ್ತದೆ, ಇಪ್ಪತ್ತಾದರೆ ಶೇಕಡ 10. ಮಣಿಕಟ್ಟಿನ ಆಟ ಎಂದರೇನು ಎಂದು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1949ರಲ್ಲಿ ಆ ಊರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಅದನ್ನು ಕ್ರಿಕೆಟ್ಟಿನಲ್ಲಿ ದೇಶಕ್ಕೆಲ್ಲ ತೋರಿಸಿಕೊಟ್ಟವರು.

ಈ ಶೇಕಡ ಐದು, ಹತ್ತು ಎಲ್ಲಿ ಕಾಣಿಸುತ್ತದೆ? ಮೇಜಿನ ಉದ್ದ 2.74 ಮೀಟರ್. ಕ್ಲಬ್ ಮಟ್ಟದ ರ‍್ಯಾಲಿಯಲ್ಲಿ ಚೆಂಡು ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬಂತೆಂದರೆ ಎದುರಾಳಿಯ ಬ್ಯಾಟಿನಿಂದ ನಮ್ಮ ಬ್ಯಾಟಿಗೆ ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಚೆಂಡು ಎತ್ತ ಬರುತ್ತಿದೆ ಎಂದು ಕಣ್ಣು ಗುರುತಿಸಿ, ಮೆದುಳು ತೀರ್ಮಾನಿಸುವಷ್ಟರಲ್ಲಿ ಅದರ ದೊಡ್ಡ ಪಾಲು ಮುಗಿದಿರುತ್ತದೆ. ಉಳಿದ ಚೂರು ಸಮಯದಲ್ಲಿ ಬ್ಯಾಟನ್ನು ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ತಂದು, ಅದರ ಮುಖವನ್ನು ಸರಿಯಾದ ಓರೆಗೆ ತಿರುಗಿಸಬೇಕು. ನಾವು ಹತೋಟಿ ಎಂದು ಕರೆಯುವುದರ ಮುಕ್ಕಾಲು ಪಾಲು ಇದೇ. ಚೆಂಡು ಬರುವ ಮೊದಲು ಬ್ಯಾಟು ಅಲ್ಲಿ ಇರಬೇಕು, ಇರಬೇಕಾದ ಕೋನದಲ್ಲಿ ಇರಬೇಕು. ಸಂಜೆಯ ಆಟವೊಂದನ್ನು ಪಕ್ಕದಲ್ಲಿ ನಿಂತು ಗಮನವಿಟ್ಟು ನೋಡಿದರೆ ಇದು ಕಣ್ಣಿಗೇ ಬೀಳುತ್ತದೆ. ಬಿಡಿ ಹೊಡೆತದಲ್ಲಿ ಯಾರೂ ತಪ್ಪುವುದಿಲ್ಲ, ಒಂದು ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ಎಲ್ಲರಿಗೂ ಬರುತ್ತದೆ. ಅದು ತಿರುಗಿ ಬಂದಾಗ ಬ್ಯಾಟು ಇನ್ನೂ ಎಡ ಭುಜದ ಹತ್ತಿರವೇ ಇರುತ್ತದೆ, ಬ್ಯಾಕ್‌ಹ್ಯಾಂಡಿಗೆ ಇಳಿಯುವಷ್ಟರಲ್ಲಿ ಚೆಂಡು ಹೊಟ್ಟೆಯ ಹತ್ತಿರ ಬಂದಿರುತ್ತದೆ, ಮುಖ ತೆರೆದೇ ಇರುತ್ತದೆ, ಚೆಂಡು ಮೇಜು ದಾಟಿ ಹಾರುತ್ತದೆ. ಆಡಿದವರು ರಬ್ಬರ್ ತುಂಬ ಫಾಸ್ಟ್ ಎಂದು ಗೊಣಗುತ್ತಾರೆ. ತಪ್ಪಿದ್ದು ರಬ್ಬರಿನ ವೇಗದಿಂದಲ್ಲ, ಬ್ಯಾಟು ತಡವಾಗಿ ಬಂದದ್ದರಿಂದ.

ಹಾಗಾದರೆ ಮಾರುಕಟ್ಟೆಯಲ್ಲಿ ಭಾರದ ರಬ್ಬರ್‌ಗಳೇ ಯಾಕೆ ಮುಂದೆ ನಿಂತಿವೆ? ಇದಕ್ಕೊಂದು ಇತಿಹಾಸವಿದೆ, ಅದರ ಮೊದಲ ಅಧ್ಯಾಯ ನಮ್ಮ ದೇಶದಲ್ಲೇ ನಡೆದದ್ದು. 1952ರಲ್ಲಿ ಬೊಂಬಾಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿಗೆ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಆವರೆಗೆ ಬರಿಯ ಗುಳ್ಳೆ ರಬ್ಬರಿನ ಟಕ್ ಟಕ್ ಸದ್ದು ಕೇಳಿ ಆಡುತ್ತಿದ್ದವರಿಗೆ ಸದ್ದೇ ಇಲ್ಲದ ಆ ಬ್ಯಾಟಿನ ಹೊಡೆತ ಅರ್ಥವೇ ಆಗಲಿಲ್ಲ. ಸಾಟೊ ಪ್ರಶಸ್ತಿ ಗೆದ್ದರು. ಸ್ಪಂಜಿನ ದಪ್ಪಕ್ಕೆ ಮಿತಿ ಬಂದದ್ದು 1959ರಲ್ಲಿ. ಆಮೇಲೆ ಬಂದ 1967ರ ಬಟರ್‌ಫ್ಲೈ ಸ್ರೈವರ್, 1969ರ ಯಸಾಕ ಮಾರ್ಕ್ ಫೈವ್‌ನಂಥ ರಬ್ಬರ್‌ಗಳು ಇಂದಿನ ಲೆಕ್ಕದಲ್ಲಿ ಹಗುರದವೇ. ದಶಕಗಳ ಕಾಲ ಆಟಗಾರರು ಪಂದ್ಯಕ್ಕೆ ಮೊದಲು ಸ್ಪೀಡ್ ಗ್ಲೂ ಬಳಿದು ಸ್ಪಂಜನ್ನು ಉಬ್ಬಿಸಿಕೊಳ್ಳುತ್ತಿದ್ದರು. ಅದರ ದ್ರಾವಕದ ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲಿ ನಿಷೇಧ ಬಂತು. ಆಗ ಅದೇ ಬಿಗುವನ್ನು ಕಾರ್ಖಾನೆಯಲ್ಲೇ ತುಂಬಿದ ರಬ್ಬರ್‌ಗಳು ಮುಂದೆ ಬಂದವು. ಇತ್ತ ಚೆಂಡೂ ಬದಲಾಗುತ್ತಿತ್ತು. 2000ದಲ್ಲಿ ಅದರ ವ್ಯಾಸ 38ರಿಂದ 40 ಮಿ.ಮೀ.ಗೆ, ತೂಕ 2.5ರಿಂದ 2.7 ಗ್ರಾಂಗೆ ಏರಿತು. 2014ರಿಂದ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಹೊಸ ಚೆಂಡು ಹಿಂದಿನಷ್ಟು ತಿರುಗುವುದಿಲ್ಲ. ಕಳೆದುಹೋದ ಸ್ಪಿನ್ನನ್ನು ವಾಪಸು ತರಲು ಕಂಪನಿಗಳು ಸ್ಪಂಜನ್ನು ಇನ್ನಷ್ಟು ಗಡುಸಾಗಿಸಿದವು, ಮೇಲು ಹಾಳೆಯನ್ನು ತೆಳುವಾಗಿಸಿ ಉಳಿದ ಜಾಗಕ್ಕೂ ಸ್ಪಂಜನ್ನೇ ತುಂಬಿದವು. ರಬ್ಬರಿಗೆ ಭಾರ ಬಂದದ್ದು ಹೀಗೆ, ವಿಶ್ವಮಟ್ಟದ ಆಟಗಾರನೊಬ್ಬ ಪೂರ್ತಿ ಮೈ ಹಾಕಿ ಲೂಪ್ ಹೊಡೆದಾಗ ಎದುರಾಗುವ ಕೊರತೆಯನ್ನು ನೀಗಿಸಲು. ಪುಶ್, ಬ್ಲಾಕ್, ನಡುನಡುವೆ ಒಂದು ಡ್ರೈವ್ ಎಂದು ಆಡುವವರಿಗೆ ಆ ಕೊರತೆಯೇ ಇರಲಿಲ್ಲ. ಪರಿಹಾರದ ಹೊರೆಯನ್ನು ಮಾತ್ರ ಅವರೂ ಹೊರುತ್ತಿದ್ದಾರೆ.

ಶಿವಮೊಗ್ಗ, ಭದ್ರಾವತಿಗಳಲ್ಲಿ ಈ ಆಟ ಯಾರದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಸಹ್ಯಾದ್ರಿ, ಡಿ.ವಿ.ಎಸ್., ಜೆ.ಎನ್.ಎನ್.ಸಿ.ಇ.ಯಂಥ ಕಾಲೇಜುಗಳ ವಿದ್ಯಾರ್ಥಿಗಳು, ಇಲಾಖೆಗಳ ನೌಕರರು, ಬ್ಯಾಂಕಿನವರು, ಶಾಲೆಯ ಮಕ್ಕಳು. ಭದ್ರಾವತಿಯಂತೂ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗಿನಿಂದ ಕಾರ್ಖಾನೆಯ ಪಾಳಿಯ ಗಂಟೆಗೆ ಬದುಕು ಹೊಂದಿಸಿಕೊಂಡ ಊರು. ಅಲ್ಲಿಯ ನ್ಯೂಟೌನ್, ಕಾಗದನಗರಗಳಂಥ ಬಡಾವಣೆಗಳಲ್ಲಿ ಕೆಲಸದಿಂದ ನಿವೃತ್ತರಾದವರ ಸಂಖ್ಯೆಯೂ ದೊಡ್ಡದು. ಇವರಲ್ಲಿ ಹೆಚ್ಚಿನವರಿಗೆ ವಾರಕ್ಕೆ ಸಿಗುವುದು ಮೂರೋ ನಾಲ್ಕೋ ಗಂಟೆ. ಮೊಣಕೈ, ಭುಜದ ನೋವಿನ ಜೊತೆಗೇ ಆಡುವವರು ಇದ್ದಾರೆ. ಒಂದೇ ಮೇಜಿಗೆ ನಾಲ್ಕು ಜನ ಕಾದಿರುವಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಅಭ್ಯಾಸ ಇನ್ನೂ ಕಡಿಮೆ. ಭಾರದ ಬ್ಯಾಟಿಗೆ ಕೈ ಒಗ್ಗಬೇಕಾದರೆ ಅದನ್ನು ಸಾವಿರಾರು ಸಲ ಬೀಸಬೇಕು; ಬೀಸುವ ಸಮಯವೇ ಇಲ್ಲದವರಿಗೆ ಒಗ್ಗುವುದು ಹೇಗೆ? ಎರಡನೇ ಗೇಮಿನ ಕೊನೆಗೆ ಮುಂಗೈ ದಣಿದಾಗ ಮೊದಲು ಕೆಡುವುದು ಬ್ಯಾಟಿನ ಕೋನ. ಹಗುರದ ರಬ್ಬರ್ ಆ ದಣಿವನ್ನು ಐದನೇ ಗೇಮಿನವರೆಗೆ ಮುಂದಕ್ಕೆ ದೂಡಿದರೂ ಸಾಕು, ಪಂದ್ಯದ ಫಲಿತಾಂಶವೇ ಬದಲಾಗುತ್ತದೆ.

ಇನ್ನೊಂದು ಕಾರಣ ನಮ್ಮ ಹವೆ. ಶಿವಮೊಗ್ಗಕ್ಕೆ ಆಗುಂಬೆಯ ಮಳೆ ಇಲ್ಲ, ನಿಜ. ಆದರೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಮಲೆನಾಡಿನ ತೇವ ತುಂಬಿಕೊಂಡೇ ಇರುತ್ತದೆ, ಹೊಳೆಯ ದಂಡೆಯ ಊರುಗಳಿಗೆ ಅದು ಇನ್ನೂ ಹೆಚ್ಚು. ಟೇಬಲ್ ಟೆನಿಸ್ ಆಡುವ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, 2.7 ಗ್ರಾಂ ಚೆಂಡು ಗಾಳಿಗೆ ಅಲುಗುತ್ತದೆ. ಕಿಟಕಿಯನ್ನೂ ಮುಚ್ಚುತ್ತಾರೆ. ಹತ್ತು ಜನರ ಬೆವರು, ಉಸಿರು ಸೇರಿ ಅರ್ಧ ಗಂಟೆಯಲ್ಲಿ ರಬ್ಬರಿನ ಮೇಲೆ ಕಣ್ಣಿಗೆ ಕಾಣದ ತೇವದ ಪೊರೆ ಕೂರುತ್ತದೆ. ಮೇಲು ಹಾಳೆಯ ಅಂಟಿನ ಮೇಲೆಯೇ ನಿಂತಿರುವ ಚೀನಾ ಮಾದರಿಯ ಗಡುಸು ರಬ್ಬರ್‌ಗಳಿಗೆ ಇದು ದೊಡ್ಡ ಪೆಟ್ಟು. ಬೇಸಿಗೆಯಲ್ಲಿ ಚೆಂಡನ್ನು ಹಿಡಿದು ಎಸೆಯುತ್ತಿದ್ದ ರಬ್ಬರಿನಿಂದ ಶ್ರಾವಣದಲ್ಲಿ ಚೆಂಡು ಜಾರಿ ಬಲೆಗೆ ಬೀಳುತ್ತದೆ. ಮಧ್ಯಮ ಮೆತ್ತನೆಯ, ಹಗುರದ ರಬ್ಬರಿನಲ್ಲಿ ಮೆಲ್ಲನೆಯ ಹೊಡೆತಕ್ಕೂ ಚೆಂಡು ಸ್ಪಂಜಿನೊಳಕ್ಕೆ ಇಳಿಯುತ್ತದೆ. ಹಿಡಿತ ಬರುವುದು ಆ ಇಳಿತದಿಂದಲೇ, ಆದ್ದರಿಂದ ತೇವಕ್ಕೆ ಅದು ಅಷ್ಟು ಬೇಗ ಸೋಲುವುದಿಲ್ಲ. ಹಾಗೆಂದು ಜಾರುವುದೇ ಇಲ್ಲ ಎಂದಲ್ಲ. ಪ್ರತಿ ಆರು ಅಂಕಕ್ಕೊಮ್ಮೆ ಟವೆಲ್ಲಿನಿಂದ ಒರೆಸಿಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ಮಳೆಗಾಲದಲ್ಲಿ ಚೆಂಡನ್ನೂ ರಬ್ಬರನ್ನೂ ಒರೆಸಲು ಅದನ್ನು ಬಿಡದೆ ಬಳಸಿಕೊಳ್ಳಬೇಕು.

ಹಗುರದ ರಬ್ಬರ್ ಹಾಕಿದರೆ ಹೊಡೆತದಲ್ಲಿ ಕಸುವಿರುವುದಿಲ್ಲ, ಬ್ಲಾಕ್ ಮಾಡುವಾಗ ಬ್ಯಾಟು ಹಿಂದಕ್ಕೆ ಒದೆಯುತ್ತದೆ ಎಂಬುದು ಆಟಗಾರರ ಬಾಯಲ್ಲಿ ಸದಾ ಕೇಳುವ ಆಕ್ಷೇಪ. ಎರಡರಲ್ಲೂ ಸತ್ಯಾಂಶವಿದೆ, ಆದರೆ ಅದರ ಪ್ರಮಾಣ ಎಷ್ಟೆಂದು ಲೆಕ್ಕ ಹಾಕಬೇಕು. 2.7 ಗ್ರಾಂ ಚೆಂಡು 180 ಗ್ರಾಂ ಬ್ಯಾಟಿಗೆ ಬಡಿದಾಗ ಸಿಗುವ ವೇಗಕ್ಕೂ 170 ಗ್ರಾಂ ಬ್ಯಾಟಿಗೆ, ಅದೇ ರಭಸದಲ್ಲಿ, ಬಡಿದಾಗ ಸಿಗುವ ವೇಗಕ್ಕೂ ಇರುವ ಅಂತರ ಶೇಕಡ ಒಂದಕ್ಕಿಂತ ಎಷ್ಟೋ ಕಡಿಮೆ. ಚೆಂಡು ಅಷ್ಟು ಹಗುರವಾಗಿರುವುದರಿಂದ ಬ್ಯಾಟಿಗೆ ಹತ್ತು ಗ್ರಾಂ ಸೇರಿಸಿದರೂ ತೆಗೆದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೀಸುವ ಕೈಗೆ. ಹೊಡೆತದ ಕಸುವು ಬರುವುದು ಬ್ಯಾಟಿನ ವೇಗದಿಂದ, ಹಗುರದ ಬ್ಯಾಟನ್ನು ಅದೇ ಸ್ನಾಯುಬಲ ಹೆಚ್ಚು ವೇಗವಾಗಿ ಬೀಸಬಲ್ಲದು. ಹಾಗಾದರೆ ಹಗುರದ ರಬ್ಬರಿನಲ್ಲಿ ಚೆಂಡು ನಿಧಾನವಾಗಿ ಹೋಗುತ್ತದೆಂದು ಎಲ್ಲರಿಗೂ ಅನ್ನಿಸುವುದು ಯಾಕೆ? ಹಗುರದ ರಬ್ಬರ್‌ಗಳು ಸಾಮಾನ್ಯವಾಗಿ ಮೆತ್ತಗೂ ತೆಳುವಾಗಿಯೂ ಇರುತ್ತವೆ. ವೇಗ ತಗ್ಗುವುದು ಆ ಮೆತುವು, ತೆಳುವುಗಳಿಂದ. ಜೋರಾಗಿ ಬೀಸಿದಾಗ ಮೆತ್ತನೆಯ ಸ್ಪಂಜು ಪೂರ್ತಿ ಅಮುಕಿಹೋಗಿ ಚೆಂಡು ಮರಕ್ಕೇ ತಾಗಿದಂತಾಗುತ್ತದೆ, ಅಲ್ಲಿಂದ ಮುಂದೆ ಎಷ್ಟು ಬಲ ಹಾಕಿದರೂ ಸ್ಪಿನ್ ಏರುವುದಿಲ್ಲ. ಈ ಮಿತಿಯನ್ನು ನಾನು ಒಪ್ಪುತ್ತೇನೆ. ಆದರೆ ಆ ಮಿತಿಯನ್ನು ಮುಟ್ಟುವಷ್ಟು ರಭಸದಲ್ಲಿ, ಮುಟ್ಟಿಯೂ ಚೆಂಡನ್ನು ಮೇಜಿನ ಮೇಲೆ ಇಳಿಸುವಷ್ಟು ನಿಖರವಾಗಿ ಆಡುವವರು ನಮ್ಮ ಎರಡೂ ಊರುಗಳ ಸಂಜೆಯ ಆಟದಲ್ಲಿ ವಿರಳ. ಅಂಥವರಿಗೆ ಈ ಸಲಹೆ ಬೇಕಾಗಿಯೂ ಇಲ್ಲ.

ದೊಡ್ಡ ಆಟಗಾರರೆಲ್ಲ ಭಾರದ್ದನ್ನೇ ಹಿಡಿಯುತ್ತಾರಲ್ಲ ಎಂಬ ಮಾತಿಗೂ ಉತ್ತರ ಇದರಲ್ಲೇ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್‌ಫೈನಲ್ ತಲುಪಿ ಜರ್ಮನಿಗೆ 1–3ರಿಂದ ಸೋತಾಗ ಆ ಒಂದು ಗೆಲುವನ್ನು ತಂದವರು ಬೆಂಗಳೂರಿನ ಅರ್ಚನಾ ಕಾಮತ್. ಆ ಮಟ್ಟದ ಆಟಗಾರ್ತಿಯ ಹಿಂದೆ ಬಾಲ್ಯದಿಂದ ದಿನವೂ ಗಂಟೆಗಟ್ಟಲೆಯ ಅಭ್ಯಾಸವಿದೆ, ಪಾದಚಲನೆಗೆ ಬೇರೆ ತರಬೇತಿ, ಭುಜ ಬೆನ್ನಿಗೆ ಬೇರೆ ವ್ಯಾಯಾಮ ಇವೆ. ಅಂಥ ಮೈಗೆ ಹತ್ತು ಗ್ರಾಂನಿಂದ ಲಾಭವಾಗುತ್ತದೆ, ಏಕೆಂದರೆ ಅದರ ಬೆಲೆಯನ್ನು ಮೈ ಆಗಲೇ ತೆತ್ತಿದೆ. ಅವರ ಬ್ಯಾಟನ್ನು ಕೊಳ್ಳಬಹುದು, ಆ ವರ್ಷಗಳನ್ನು ಕೊಳ್ಳಲಾಗುವುದಿಲ್ಲ. ಇದು ಸಣ್ಣ ಮಕ್ಕಳ ವಿಷಯದಲ್ಲಂತೂ ತೀರಾ ಮುಖ್ಯ. ಹತ್ತು ವರ್ಷದ ಹುಡುಗಿಯ ಹಸ್ತ ದೊಡ್ಡವರದಕ್ಕಿಂತ ಎಷ್ಟೋ ಹಗುರ, ಅವಳ ಕೈಗೆ 185 ಗ್ರಾಂ ಬ್ಯಾಟು ಕೊಟ್ಟರೆ ಮಣಿಕಟ್ಟು ಆಡಿಸಲಾಗದೆ ಅವಳು ಇಡೀ ತೋಳನ್ನು ಬೀಸಲು ಕಲಿಯುತ್ತಾಳೆ. ಹಾಗೆ ಕೂತ ಅಭ್ಯಾಸವನ್ನು ಮುಂದೆ ಬಿಡಿಸಲು ಕೋಚ್‌ಗಳು ಪಡುವ ಪಾಡು ಸಣ್ಣದಲ್ಲ. ಮಗಳು ಚೆನ್ನಾಗಿ ಆಡುತ್ತಿದ್ದಾಳೆಂದು ಖುಷಿಯಿಂದ ಅತ್ಯಂತ ದುಬಾರಿ ರಬ್ಬರ್ ತಂದುಕೊಡುವ ತಂದೆತಾಯಿಯರು ತಮಗೆ ಗೊತ್ತಿಲ್ಲದೆಯೇ ಅವಳ ಕಲಿಕೆಯನ್ನು ನಿಧಾನಗೊಳಿಸುತ್ತಿರಬಹುದು.

ಹತೋಟಿಯೇ ಬೇಕಿದ್ದರೆ ಉದ್ದ ಗುಳ್ಳೆಗಳ ಲಾಂಗ್ ಪಿಂಪಲ್ಲೋ ಸ್ಪಿನ್ ಹಿಡಿಯದ ಆಂಟಿ ರಬ್ಬರೋ ಹಾಕಿಬಿಡಬಹುದಲ್ಲ ಎನ್ನುವವರೂ ಇದ್ದಾರೆ. ಸ್ಪಂಜಿಲ್ಲದ ಲಾಂಗ್ ಪಿಂಪಲ್ ನಯವಾದ ರಬ್ಬರಿನ ಅರ್ಧದಷ್ಟೂ ತೂಗುವುದಿಲ್ಲ, ಎದುರಾಳಿಯ ಸ್ಪಿನ್ ಅದಕ್ಕೆ ಅಷ್ಟಾಗಿ ತಾಗುವುದೂ ಇಲ್ಲ. ಭಾರತದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿಗೆ ಪಿಂಪಲ್ ಹಾಕಿಕೊಂಡೇ ದೊಡ್ಡ ದೊಡ್ಡವರನ್ನು ಸೋಲಿಸಿದ್ದಾರೆ. 2024ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಭಾರತದವರೇ ಆದ ಐಹಿಕಾ ಮುಖರ್ಜಿ ಆಂಟಿ ರಬ್ಬರಿನ ಬಲದಿಂದ ಆಗ ವಿಶ್ವದ ಒಂದನೇ ಕ್ರಮಾಂಕದಲ್ಲಿದ್ದ ಚೀನಾದ ಸುನ್ ಯಿಂಗ್‌ಷಾ ಅವರನ್ನು ಮಣಿಸಿದಾಗ ಇಡೀ ಆಟದ ಲೋಕ ಬೆರಗಾಯಿತು. ಆದರೆ ಅದು ಬೇರೆಯೇ ಆಟ. ಅದರ ಪುಶ್ ಬೇರೆ, ಬ್ಲಾಕ್ ಬೇರೆ, ಚೆಂಡು ಹಿಂದಿರುಗುವ ರೀತಿಯೇ ಬೇರೆ. ಹೊಸಬರು ಅದನ್ನು ಆಶ್ರಯಿಸಿದರೆ ಎದುರಾಳಿಗೆ ಗೊಂದಲವಾಗುತ್ತದೆ ನಿಜ, ತಾವು ಸ್ಪಿನ್ ಓದಲು ಕಲಿಯುವುದೂ ಅಷ್ಟೇ ತಡವಾಗುತ್ತದೆ. ನಯವಾದ ರಬ್ಬರಿನಲ್ಲೇ ಹಗುರದ್ದನ್ನು ಆರಿಸಿಕೊಂಡವರು ಆಟದ ಮೂಲಪಾಠಗಳನ್ನು ಬಿಟ್ಟುಕೊಡಬೇಕಾಗಿಲ್ಲ.

ಹಾಗಿದ್ದರೆ ಬ್ಲೇಡನ್ನೇ ಹಗುರ ಮಾಡಿದರಾಯಿತು ಎಂಬುದು ಇನ್ನೊಂದು ವಾದ, ಇದು ತುಸು ಮೋಸದ್ದು. 75 ಗ್ರಾಂ ಬ್ಲೇಡಿಗೆ 50 ಗ್ರಾಂನ ಎರಡು ರಬ್ಬರ್ ಹಾಕಿದರೂ, 90 ಗ್ರಾಂ ಬ್ಲೇಡಿಗೆ 42 ಗ್ರಾಂನ ಎರಡು ಹಾಕಿದರೂ ಒಟ್ಟು ತೂಕ 175ರ ಸುತ್ತಲೇ ಇರುತ್ತದೆ. ಕೈಗೆ ಮಾತ್ರ ಎರಡೂ ಒಂದಲ್ಲ. ಮೊದಲನೆಯದರಲ್ಲಿ ಭಾರವೆಲ್ಲ ತಲೆಗೇರಿದೆ. ಎರಡನೆಯದರಲ್ಲಿ ಒಂದು ಪಾಲು ಹಿಡಿಯಲ್ಲೇ, ಅಂಗೈಯೊಳಗೇ ಉಳಿದಿದೆ. ತಕ್ಕಡಿಯಲ್ಲಿ ಸಮನಾದ ಎರಡು ಬ್ಯಾಟುಗಳಲ್ಲಿ ಒಂದು ಚುರುಕಾಗಿ ತಿರುಗಿ ಇನ್ನೊಂದು ಮೊಂಡು ಹಿಡಿಯುವುದು ಇದರಿಂದಲೇ. ಹಗುರಕ್ಕೂ ಒಂದು ಕೆಳಮಿತಿ ಇದೆ ಎಂಬುದನ್ನೂ ಹೇಳಬೇಕು. ತಲೆ ತೀರಾ ಹಗುರವಾದರೆ ಬ್ಯಾಟು ಎತ್ತ ತಿರುಗಿದೆ ಎಂಬ ಅರಿವೇ ಕೈಗೆ ಸಿಗುವುದಿಲ್ಲ, ಸಣ್ಣ ನಡುಕವೂ ಬ್ಯಾಟಿನ ಮುಖಕ್ಕೆ ಬರುತ್ತದೆ. ದೊಡ್ಡವರಿಗೆ 165ರಿಂದ 175 ಗ್ರಾಂ, ಹನ್ನೆರಡರೊಳಗಿನ ಮಕ್ಕಳಿಗೆ ಇನ್ನೂ ಹತ್ತಿಪ್ಪತ್ತು ಗ್ರಾಂ ಕಡಿಮೆ ಎಂಬುದು ನನಗೆ ಸರಿ ಕಾಣುವ ಅಂದಾಜು.

ಕೊಳ್ಳುವ ಹೊತ್ತಿಗೆ ಇದನ್ನೆಲ್ಲ ಹೇಗೆ ಬಳಸುವುದು? ಊರಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ರಬ್ಬರ್ ಅಂಟಿಸಿಯೇ ಬರುವ ರೆಡಿಮೇಡ್ ಬ್ಯಾಟು. ಬಿಡಿ ರಬ್ಬರ್ ಬೇಕೆಂದರೆ ಹೆಚ್ಚಿನವರು ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸುತ್ತಾರೆ. ತರಿಸುವಾಗ ಮಾರುವವರಿಗೆ ಫೋನ್ ಮಾಡಿ ಹಾಳೆಯ ತೂಕ ಕೇಳುವುದರಲ್ಲಿ ಸಂಕೋಚ ಬೇಡ. ಕತ್ತರಿಸದ ಹಾಳೆ 60ರಿಂದ 65 ಗ್ರಾಂ ಒಳಗಿದ್ದರೆ ಹಗುರ ಎನ್ನಬಹುದು, 70 ದಾಟಿದರೆ ಭಾರ. ಒಂದೇ ಹೆಸರಿನ, ಒಂದೇ ದಪ್ಪದ ಎರಡು ಹಾಳೆಗಳ ನಡುವೆಯೇ ಮೂರು ನಾಲ್ಕು ಗ್ರಾಂ ಅಂತರವಿರುವುದುಂಟು, ಆದ್ದರಿಂದ ಪೊಟ್ಟಣದ ಹೆಸರನ್ನು ನಂಬಿ ಕೂರುವಂತಿಲ್ಲ. ಹೆಸರುಗಳಲ್ಲಿ ಹೇಳುವುದಾದರೆ ಮಾರ್ಕ್ ಫೈವ್, ಸ್ರೈವರ್‌ಗಳ ಹಳೆಯ ಮಾದರಿ, ಹೊಸದರಲ್ಲಿ ಕ್ಸಿಯೋಮ್ ವೇಗಾ ಯುರೋಪ್‌ನಂಥ ಮೆತ್ತನೆಯ ರಬ್ಬರ್ ಈ ಗುಂಪಿಗೆ ಸೇರುತ್ತವೆ. ಹರಿಕೇನ್ 3, ಡಿಗ್ನಿಕ್ಸ್ 05ರಂಥವು ಭಾರದ ಕಡೆಯವು. ಗಡಸುತನದ ಡಿಗ್ರಿ ಓದುವಾಗಲೂ ಎಚ್ಚರ ಬೇಕು. ಚೀನಾದ ಅಳತೆಯ 39, 40 ಡಿಗ್ರಿ ಜರ್ಮನಿಯ ಅಳತೆಯಲ್ಲಿ 50 ಡಿಗ್ರಿಯ ಹತ್ತಿರದ ಗಡಸು. ಅಂಕಿ ಚಿಕ್ಕದೆಂದು ಮೆತ್ತನೆಯದೆಂದು ಭಾವಿಸಿ ಕೊಂಡವರು ಕಲ್ಲಿನಂಥ ಸ್ಪಂಜು ತಂದಿರುತ್ತಾರೆ. ಜರ್ಮನ್ ಅಳತೆಯಲ್ಲಿ 40ರಿಂದ 43 ಡಿಗ್ರಿ, ದಪ್ಪ 1.8 ಮಿ.ಮೀ., ಇಷ್ಟಿದ್ದರೆ ನಮ್ಮ ಆಟಕ್ಕೂ ನಮ್ಮ ಮಳೆಗಾಲಕ್ಕೂ ಹೊಂದುತ್ತದೆ. ಅದಕ್ಕಿಂತ ತೆಳುವಾಗಿ 1.5ಕ್ಕೆ ಇಳಿದರೆ ಚೆಂಡು ಇಳಿಯಲು ಸ್ಪಂಜೇ ಸಾಲದೆ ಮಳೆಗಾಲದ ಲಾಭ ಕೈತಪ್ಪುತ್ತದೆ. ರ‍್ಯಾಂಕಿಂಗ್ ಟೂರ್ನಿ ಆಡುವ ಆಸೆಯಿದ್ದರೆ ಅಂತರರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆಯ ಗುರುತು ರಬ್ಬರಿನ ಬುಡದಲ್ಲಿದೆಯೇ ಎಂದು ನೋಡಿಕೊಳ್ಳಬೇಕು, ಒಂದು ಬದಿ ಕಪ್ಪು ಇರಲೇಬೇಕು.

ಅಂಟಿಸುವಾಗಲೂ ತೂಕ ಸೇರುತ್ತದೆ. ನೀರಿನ ಗ್ಲೂವನ್ನು ದಪ್ಪವಾಗಿ ಎರಡು ಮೂರು ಸಲ ಬಳಿದರೆ ಒಂದು ಬದಿಗೆ ಮೂರು ಗ್ರಾಂವರೆಗೆ ಏರಬಹುದು, ಅಂಚಿನ ಟೇಪಿಗೆ ಮತ್ತೊಂದೆರಡು. ಸ್ಪಂಜಿಗೊಂದು, ಮರಕ್ಕೊಂದು ತೆಳು ಲೇಪ ಸಾಕು. ಬಿಳಿಯ ಗ್ಲೂ ಪೂರ್ತಿ ಪಾರದರ್ಶಕವಾಗುವವರೆಗೆ ಕಾದು ಅಂಟಿಸಬೇಕು. ಮಳೆಗಾಲದಲ್ಲಿ ಅದಕ್ಕೆ ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಹೊಸದು ಕೊಳ್ಳುವ ಮುಂಚೆ ಈಗ ಕೈಯಲ್ಲಿರುವ ಬ್ಯಾಟನ್ನೇ ಒಮ್ಮೆ ತೂಗಿ ನೋಡುವುದು ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಅದಿಲ್ಲದಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗುರುತಿನ ಚಿನ್ನದ ಅಂಗಡಿಯವರು ಇಲ್ಲವೆನ್ನಲಾರರು. ಆ ಅಂಕಿ 180ಕ್ಕಿಂತ ಮೇಲಿದ್ದರೆ ಮೊದಲು ಬ್ಯಾಕ್‌ಹ್ಯಾಂಡ್ ಬದಿಯ ರಬ್ಬರನ್ನು ಮಾತ್ರ ಹಗುರದ್ದಕ್ಕೆ ಬದಲಿಸಿ ಒಂದೆರಡು ತಿಂಗಳು ಆಡಬಹುದು. ಮಣಿಕಟ್ಟಿನ ಕೆಲಸ ಅತಿ ಹೆಚ್ಚು ಇರುವುದು ಆ ಬದಿಯಲ್ಲೇ, ಸರ್ವಿಸ್ ತೆಗೆದುಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಫೋರ್‌ಹ್ಯಾಂಡಿನ ಹಳೆಯ ರಬ್ಬರ್ ಸವೆದು ಹೊಳಪು ಹೋಗುವ ಹೊತ್ತಿಗೆ ಆ ಬದಿಗೂ ಹಗುರದ್ದು ಬೇಕೋ ಬೇಡವೋ ಎಂಬುದನ್ನು ಕೈಯೇ ತೀರ್ಮಾನಿಸಿರುತ್ತದೆ.